ಜೀಡಿಮೆಟ್ಲಾದಲ್ಲಿ ಒಂದು ಹಳೇ ಗಾಡಿ

ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶದಲ್ಲಿ ಹಳೇ ಯಂತ್ರ ಕೊಳ್ಳುವುದು ಯಾರಿಗೂ ಸಂಕೋಚದ ಮಾತಲ್ಲ. ಅಲ್ಲಿನ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಎಷ್ಟೋ ಶುರುವಾಗುವುದೇ ಇನ್ನೊಬ್ಬರು ಓಡಿಸಿ ಬಿಟ್ಟ ಮೋಲ್ಡಿಂಗ್ ಮಷೀನಿನಿಂದ. ಅಂಥದೊಂದು ಕಾರ್ಖಾನೆಯಲ್ಲಿ ಹದಿನಾರು ವರ್ಷಗಳಿಂದ ಸೂಪರ್‌ವೈಸರ್ ಆಗಿರುವ ಬೀದರದ ಒಬ್ಬ ಮನುಷ್ಯನನ್ನು, ಯಂತ್ರ ನೋಡಲು ಹೋಗುವಾಗ ಮಾಲೀಕರು ತಪ್ಪದೆ ಜೊತೆಗೆ ಕರೆದೊಯ್ಯುತ್ತಾರೆ. ಆತ ಬಣ್ಣ ನೋಡುವುದಿಲ್ಲ. ಹೈಡ್ರಾಲಿಕ್ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸುತ್ತಾನೆ. ಟೈ-ಬಾರಿನ ಉದ್ದಕ್ಕೂ ಉಗುರು ಎಳೆದು ಗೀರು ಹುಡುಕುತ್ತಾನೆ. ಪಂಪಿನ ಸದ್ದಿಗೆ ಕಿವಿ ಕೊಡುತ್ತಾನೆ. ಕೊನೆಗೆ ಯಂತ್ರ ಓಡಿಸಿ, ಒಂದರ ಹಿಂದೊಂದು ಇಪ್ಪತ್ತು ಪೀಸು ತೆಗೆಸಿ ತಕ್ಕಡಿಗೆ ಹಾಕುತ್ತಾನೆ. ಇಪ್ಪತ್ತೂ ಒಂದೇ ತೂಕ ಬಂದರೆ ಒಳಗಿನ ಸ್ಕ್ರೂ, ಬ್ಯಾರಲ್, ಚೆಕ್ ರಿಂಗ್ ಗಟ್ಟಿಯಾಗಿವೆ ಎಂದು ಅರ್ಥ. ತೂಕ ಹಿಂದೆಮುಂದೆ ಆಯಿತೋ, ಮಾರುವವನು ಎಷ್ಟೇ ಆಣೆ ಇಡಲಿ, ಅದು ಸವೆದ ಯಂತ್ರ.

ಇಂಥ ಮನುಷ್ಯ 2025ರ ಬೇಸಿಗೆಯಲ್ಲಿ ಮನೆಗೊಂದು ಎಲೆಕ್ಟ್ರಿಕ್ ಕಾರು ಕೊಳ್ಳುವ ಮಾತು ಬಂದಾಗ, "ಕೊಂಡ್ರ ಹೊಸಾದೇ ಕೊಳ್ಳೋದು" ಎಂದುಬಿಟ್ಟ.

ಹೆಂಡತಿಗೆ ನಗು ಬಂತು. ಆಕೆ ಶಾಪೂರ್‌ನಗರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. "ಊರ್ ಮಂದಿಗೆಲ್ಲಾ ಹಳೇ ಮಷೀನ್ ಕೊಡಸ್ತೀರಿ. ನಮಗ ಮಾತ್ರ ಹೊಸಾದ್ ಏನ್ರಿ?"

"ಮಷೀನಿಂದು ಹೊಟ್ಟಿ ಬಿಚ್ಚಿ ನೋಡ್ಬಹುದು. ಇದರದು ಯಾರು ಬಿಚ್ಚತಾರ?"

ಕಾರು ಬೇಕಾಗಿದ್ದು ಬೀದರದಲ್ಲಿರುವ ಅವ್ವನಿಗಾಗಿ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಆಕೆಯ ಕಣ್ಣಿನ ಅಕ್ಷಿಪಟಕ್ಕೆ ಇಳಿದಿತ್ತು. ತಿಂಗಳಿಗೊಮ್ಮೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಇದ್ದ ನೋಟವೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಗನ ಮನೆಯಲ್ಲೇ ಇರು ಎಂದರೆ ಅವ್ವ ಒಪ್ಪಳು. ಎರಡು ದಿನಕ್ಕೆ ಬೀದರದ ಮನೆ, ಅಂಗಳದ ಬೇವಿನ ಗಿಡ, ಪಕ್ಕದ ಓಣಿಯ ಮಂದಿ ನೆನಪಾಗಿ ಹೊರಟೇಬಿಡುತ್ತಾಳೆ. ಮೊದಲ ಮೂರು ಸಲ ಬಸ್ಸಿನಲ್ಲಿ ಹೋಗಿಬಂದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತುವ ಅವ್ವನನ್ನು ಮೂರನೇ ಸಲ ನೋಡಿದ ದಿನವೇ ಕಾರಿನ ಮಾತು ಎದ್ದದ್ದು. ಬಾಡಿಗೆ ಕಾರು ಮಾಡಿ ನೋಡಿದರು. ವರ್ಷಕ್ಕೆ ಹನ್ನೆರಡು ಸಲ, ಪ್ರತಿ ಸಲ ಕರೆತರಲು ಒಮ್ಮೆ, ಬಿಟ್ಟುಬರಲು ಒಮ್ಮೆ. ಗಣಿತದ ಟೀಚರಿಗೆ ಆ ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ.

ಎಲೆಕ್ಟ್ರಿಕ್ ಯಾಕೆ ಎನ್ನುವುದೂ ಲೆಕ್ಕವೇ. ಹೈದರಾಬಾದಿನಲ್ಲಿ ಪೆಟ್ರೋಲು ಲೀಟರಿಗೆ 107 ರೂಪಾಯಿ ದಾಟಿತ್ತು. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ ಕಿಲೋಮೀಟರಿಗೆ ಏಳು ರೂಪಾಯಿ. ಮನೆಯ ಕರೆಂಟು ತಿಂಗಳಿಗೆ 300 ಯೂನಿಟ್ ದಾಟಿದ ಮೇಲೆ ಯೂನಿಟ್ಟಿಗೆ 9 ರೂಪಾಯಿ ಬೀಳುತ್ತದೆ. ಆ ದುಬಾರಿ ದರವನ್ನೇ ಹಿಡಿದರೂ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಮೇಲಾಗಿ 2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಎಲೆಕ್ಟ್ರಿಕ್ ಗಾಡಿಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ 2026ರ ಡಿಸೆಂಬರ್ 31ರವರೆಗೆ ಪೂರ್ತಿ ಮನ್ನಾ ಮಾಡಿತ್ತು. ಅದಕ್ಕೂ ಮೊದಲಿನ ನೀತಿಯಲ್ಲಿ ಮೊದಲ 5,000 ಕಾರುಗಳಿಗೆ ಮಾತ್ರ ಎಂಬ ಮಿತಿಯಿತ್ತು, ಈಗ ಆ ಮಿತಿಯೂ ಇರಲಿಲ್ಲ.

ಅವರ ಕೈಯಲ್ಲಿದ್ದದ್ದು ಏಳೂವರೆ ಲಕ್ಷ: ಆಕೆ ಎತ್ತಿದ ಚೀಟಿಯ ಐದು, ಆತನ ಉಳಿತಾಯದ ಎರಡೂವರೆ. ಮಗಳು ಇಂಟರ್‌ಮೀಡಿಯಟ್ ಸೇರುವ ವರ್ಷ ಅದು. ಹೈದರಾಬಾದಿನಲ್ಲಿ ಇಂಟರ್ ಎಂದರೆ ಕಾಲೇಜಿನ ಜೊತೆಗೆ ಕೋಚಿಂಗ್ ಎಂದೇ ಲೆಕ್ಕ. ಹಾಗಾಗಿ ಸಾಲದ ಪ್ರತಿ ಲಕ್ಷವೂ ಮಗಳ ಫೀಸಿನ ಪಕ್ಕದಲ್ಲಿ ಕೂತು ಮಾತಾಡುತ್ತಿತ್ತು.

ಈ ದುಡ್ಡಿಗೆ ಎರಡು ದಾರಿ ಕಂಡವು. ಒಂದು, ಹೊಸ ಟಿಯಾಗೊ ಎಲೆಕ್ಟ್ರಿಕ್. ಎಂಟು ಲಕ್ಷದ ಒಳಗೆ ಶುರುವಾಗುತ್ತದೆ ನಿಜ, ಆದರೆ ಆ ಬೆಲೆಗೆ ಬರುವುದು 19.2 ಕಿಲೋವ್ಯಾಟ್-ಅವರ್ ಬ್ಯಾಟರಿ. ಅಂದರೆ ತುಂಬಿದಾಗ ಹತ್ತೊಂಬತ್ತು ಯೂನಿಟ್ ಹಿಡಿಯುವ ಪಾತ್ರೆ. ಬೀದರಕ್ಕೆ 130 ಕಿಲೋಮೀಟರಿನ ಆಸುಪಾಸು. ಎ.ಸಿ. ಹಾಕಿಕೊಂಡು, ನಾಲ್ವರು ಕೂತು, ಅದರಲ್ಲಿ ನಿಶ್ಚಿಂತೆಯಿಂದ ಹೋಗುವುದು ಕಷ್ಟ. 24 ಯೂನಿಟ್ಟಿನ ದೊಡ್ಡ ಬ್ಯಾಟರಿ ಬೇಕೆಂದರೆ ಷೋರೂಮ್ ಬೆಲೆಯೇ ಹತ್ತು ಲಕ್ಷದ ಮೇಲೆ. ವಿಮೆ ಸೇರಿ ಮೂರು ಲಕ್ಷ ಸಾಲ ಆಗಲೇಬೇಕು. ಎರಡನೆಯ ದಾರಿ, ಕೊಂಪಲ್ಲಿಯಲ್ಲಿ ಮಾರಾಟಕ್ಕಿದ್ದ 2021ರ ನೆಕ್ಸಾನ್ ಎಲೆಕ್ಟ್ರಿಕ್. 30.2 ಯೂನಿಟ್ಟಿನ ಬ್ಯಾಟರಿ, 41,000 ಕಿಲೋಮೀಟರ್ ಓಡಿದ್ದು, ಮೊದಲ ಮಾಲೀಕ, ಹೇಳಿದ ಬೆಲೆ ಏಳು ಲಕ್ಷ ಎಂಬತ್ತು ಸಾವಿರ. ಸಾಫ್ಟ್‌ವೇರ್ ಕೆಲಸದ ಹುಡುಗ ಕೆನಡಾಕ್ಕೆ ಹೊರಟಿದ್ದ.

ಮೂರನೆಯದೂ ಒಂದಿತ್ತು, ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವುದು. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಬಂದಾಗ ಹೀಗೆ ಮಾರಿದರು: ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರಿಗೆ ಅದು 52,500 ರೂಪಾಯಿ. ಆಕೆ ಆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು.

ಹಳೇ ಪೆಟ್ರೋಲ್ ಕಾರಾಗಿದ್ದರೆ ಈ ಮನುಷ್ಯನ ಕಿವಿ, ಬೆರಳು, ಮೂಗು ಕೆಲಸಕ್ಕೆ ಬರುತ್ತಿದ್ದವು. ಹೊಗೆಯ ಬಣ್ಣ, ಎಂಜಿನ್ನಿನ ನಡುಕ, ಎಣ್ಣೆಯ ಜಿಡ್ಡು ಎಲ್ಲವೂ ಏನನ್ನಾದರೂ ಹೇಳುತ್ತವೆ. ಎಲೆಕ್ಟ್ರಿಕ್ ಕಾರಿನ ಮೋಟರು ಹತ್ತು ವರ್ಷದ ನಂತರವೂ ಮೊದಲ ದಿನದಂತೆಯೇ ಸದ್ದಿಲ್ಲದೆ ತಿರುಗಬಹುದು. ಕಾರಿನ ಬೆಲೆಯ ದೊಡ್ಡ ಪಾಲು ಇರುವುದು ನೆಲದ ಕೆಳಗೆ ಮೊಹರು ಮಾಡಿದ ಪೆಟ್ಟಿಗೆಯಲ್ಲಿ. ಅದು ಸವೆಯುವಾಗ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಹಿಂದಿನ ಮಾಲೀಕ ಅದನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದನೇ, ತಿಂಗಳುಗಟ್ಟಲೆ ನೂರಕ್ಕೆ ನೂರು ತುಂಬಿಸಿ ಇಟ್ಟಿದ್ದನೇ, ದಿನಾ ಫಾಸ್ಟ್ ಚಾರ್ಜರಿಗೆ ಕಟ್ಟಿದ್ದನೇ, ಯಾವುದೂ ಹೊರಗೆ ಕಾಣುವುದಿಲ್ಲ.

ಶೇಕಡಾ ತೋರಿಸುವ ಪರದೆ ಇದೆಯಲ್ಲ ಎಂದರೆ, ಅದು ಇನ್ನೂ ಮೋಸ. ಸವೆದ ಬ್ಯಾಟರಿಯೂ ತುಂಬಿದಾಗ 100 ಎಂದೇ ತೋರಿಸುತ್ತದೆ. ಕುಗ್ಗಿದ ಕೊಡವೂ ತುಂಬಿದರೆ ತುಂಬಿದ ಕೊಡವೇ. ಭಾರತದ ಹಲವು ಕಾರುಗಳಲ್ಲಿರುವ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇನ್ನೊಂದು ತೊಡಕು. ಅದರ ವೋಲ್ಟೇಜು ಅರ್ಧ ತುಂಬಿದ್ದಾಗಲೂ ಮುಕ್ಕಾಲು ತುಂಬಿದ್ದಾಗಲೂ ಬಹುತೇಕ ಒಂದೇ ಇರುತ್ತದೆ. ಒಳಗಿನ ಕಂಪ್ಯೂಟರು ಲೆಕ್ಕ ಹಾಕಿ ಅಂದಾಜು ಹೇಳುತ್ತದೆ, ಆಗಾಗ ಪೂರ್ತಿ ಚಾರ್ಜ್ ಮಾಡದಿದ್ದರೆ ಆ ಅಂದಾಜೂ ದಾರಿ ತಪ್ಪುತ್ತದೆ.

ಈ ಗೊಂದಲ ಹೊಸದೇನಲ್ಲ. ಎಲೆಕ್ಟ್ರಿಕ್ ಕಾರನ್ನು ಮಾರುಕಟ್ಟೆಗೆ ತಂದ ರೇವಾ ನಮ್ಮ ಬೆಂಗಳೂರಿನದೇ. ಚೇತನ್ ಮೈನಿಯವರ ಕಂಪನಿ ಅದನ್ನು 2001ರಲ್ಲಿ ಬಿಡುಗಡೆ ಮಾಡಿತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು, 2010ರಲ್ಲಿ ಕಂಪನಿ ಮಹೀಂದ್ರದ ಕೈಗೆ ಹೋಯಿತು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ, ಕೆಲವೇ ವರ್ಷಕ್ಕೆ ಬದಲಿಸಬೇಕಾದದ್ದು. ಹಳೇ ರೇವಾ ಕೊಳ್ಳುವವರು ಕಾರಿನ ಬೆಲೆ ಕೇಳುವ ಮೊದಲು ಬ್ಯಾಟರಿ ಯಾವಾಗ ಹಾಕಿಸಿದ್ದು ಎಂದು ಕೇಳಬೇಕಿತ್ತು. ಲೀಥಿಯಂ ಬಂದ ಮೇಲೆ ಬ್ಯಾಟರಿಯ ಆಯುಸ್ಸು ಬೆಳೆಯಿತು, ಆದರೆ ಸೆಖೆಯ ಭಯ ಉಳಿಯಿತು. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಿಸ್ಸಾನ್ ಲೀಫ್ ಕಾರಿನ ಮಾಲೀಕರು ಎರಡೇ ಬೇಸಿಗೆಗೆ ಬ್ಯಾಟರಿ ಕುಗ್ಗಿತು ಎಂದು ದೂರಿದಾಗ, ಕಂಪನಿ ಸಾಮರ್ಥ್ಯ ಕುಗ್ಗುವುದಕ್ಕೂ ವಾರಂಟಿ ಕೊಡಬೇಕಾಯಿತು. ಆ ಬ್ಯಾಟರಿಗೆ ದ್ರವದ ತಂಪು ಇರಲಿಲ್ಲ, ನೆಕ್ಸಾನಿಗೆ ಇದೆ. ಹಾಗಿದ್ದರೂ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಹೈದರಾಬಾದಿನಲ್ಲಿ ಕಾರು ನಾಲ್ಕು ವರ್ಷ ಎಲ್ಲಿ ನಿಂತಿತ್ತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಆತ ಕೇಳಿದ ಮೊದಲ ಪ್ರಶ್ನೆ ಮಾತ್ರ ಬೇರೆಯೇ ಇತ್ತು. ನೋಂದಣಿ ಯಾವ ತಿಂಗಳದ್ದು? 2020ರ ಅಕ್ಟೋಬರಿನ ಮಳೆಗೆ ಜೀಡಿಮೆಟ್ಲಾದ ಫಾಕ್ಸ್ ಸಾಗರ್ ಕೆರೆ ತುಂಬಿ ಹರಿದು ಉಮಾಮಹೇಶ್ವರ ಕಾಲೊನಿ ದಿನಗಟ್ಟಲೆ ನೀರಿನಲ್ಲಿತ್ತು. ಆ ನೀರಿನಲ್ಲಿ ಮುಳುಗೆದ್ದ ಗಾಡಿಗಳು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದದ್ದನ್ನು ಆತ ಕಂಡಿದ್ದ. ಈ ಕಾರು 2021ರ ಆಗಸ್ಟಿನದು. ಆ ಒಂದು ಗಂಡಾಂತರ ದಾಟಿತು. ಕಾರು ನಿಲ್ಲುತ್ತಿದ್ದದ್ದು ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಬಿಸಿಲಿಗಲ್ಲ. ಚಾರ್ಜ್ ಆಗುತ್ತಿದ್ದದ್ದು ಗೋಡೆಯ ಹದಿನೈದು ಆಂಪಿಯರ್ ಪ್ಲಗ್ಗಿನಿಂದ. ಹುಡುಗ ಸರ್ವೀಸಿನ ಕಾಗದಗಳನ್ನೆಲ್ಲ ಫೈಲಿನಲ್ಲಿಟ್ಟಿದ್ದ.

ಹೀಗಿದ್ದೂ ಆತನ ಮನಸ್ಸು ಹೊಸದರ ಕಡೆಗೇ ಎಳೆಯುತ್ತಿತ್ತು. ಹೊಸ ಕಾರಿನ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ, 2033ರವರೆಗೆ ಚಿಂತೆಯಿಲ್ಲ. ಹಳೆಯದಕ್ಕೂ ಅದೇ ಎಂಟು ವರ್ಷ, ಆದರೆ ಎಣಿಕೆ ಶುರುವಾದದ್ದು 2021ರಲ್ಲಿ. 2029ರ ಆಗಸ್ಟಿಗೆ ಮುಗಿಯುತ್ತದೆ. ಆ ಹೊತ್ತಿಗೆ ಮಗಳು ಎಂಜಿನಿಯರಿಂಗಿನ ನಡುವಿನಲ್ಲಿರುತ್ತಾಳೆ. ಅಂಥ ವರ್ಷದಲ್ಲಿ ಬ್ಯಾಟರಿ ಕೈಕೊಟ್ಟರೆ?

ವಾರಂಟಿಯ ಕಾಗದಗಳನ್ನು ಓದುತ್ತ ಕೂತವರಿಗೆ ಒಂದು ವಿಚಿತ್ರ ಕಾಣುತ್ತದೆ. ವಿಂಡ್ಸರ್ ಬಂದಾಗ ಮೊದಲ ಮಾಲೀಕರಿಗೆ ಬ್ಯಾಟರಿಗೆ ಜೀವಮಾನದ ವಾರಂಟಿ ಎಂದರು. ಟಾಟಾ ಕೂಡ 2025ರಲ್ಲಿ ಕರ್ವ್ ಮತ್ತು ನೆಕ್ಸಾನಿನ 45 ಯೂನಿಟ್ಟಿನ ಕಾರಿಗೆ ಅಂಥದ್ದನ್ನೇ ಕೊಟ್ಟಿತು. ಅದೂ ಮೊದಲ ಮಾಲೀಕರಿಗೆ. ಆರ್‌ಸಿಯಲ್ಲಿ ಹೆಸರು ಬದಲಾದದ್ದು ಬ್ಯಾಟರಿಗೆ ಹೇಗೆ ಗೊತ್ತಾಗುತ್ತದೋ. ಅದೇ ಪೆಟ್ಟಿಗೆ, ಅದೇ ಸೆಲ್ಲು. ಮಾರಿದ ದಿನ ಭರವಸೆ ಮಾತ್ರ ಕುಗ್ಗುತ್ತದೆ. ತೆರಿಗೆಯಲ್ಲೂ ಹೀಗೆಯೇ. ಹೊಸ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. ಹಳೆಯದನ್ನು ವ್ಯಾಪಾರಿಯಿಂದ ಕೊಂಡರೆ ಅವನ ಲಾಭದ ಮೇಲೆ ಶೇ. 18, 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಾಗೆ ತೀರ್ಮಾನಿಸಿತು. ಮಾಲೀಕನಿಂದ ನೇರ ಕೊಂಡರೆ ಅದು ತಾಗುವುದಿಲ್ಲ. ಇನ್ನೊಂದೆಡೆ ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಪ್ರತಿ ಹೊಸ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯವಾಗಲಿದೆ. ಹುಟ್ಟಿದ್ದೆಲ್ಲಿ, ಆರೋಗ್ಯ ಹೇಗಿದೆ ಎಂಬುದೆಲ್ಲ ಅದರಲ್ಲಿರಬೇಕು. ಇಲ್ಲಿ ಹಳೇ ಕಾರು ಕೊಳ್ಳುವವರು ಹುಡುಗನ ಮುಖ ನೋಡಿ ಅಂದಾಜು ಮಾಡಬೇಕು.

ಮುಖ ನೋಡಿ ಯಂತ್ರ ಕೊಂಡವನಲ್ಲ ಆತ. ತೂಗಿ ನೋಡದೆ ಮಾತಾಡುವುದು ಹೇಗೆ?

ತಕ್ಕಡಿ ಸಿಕ್ಕಿದ್ದು ಮನೆಯ ಯಜಮಾನರಿಂದ. ಬಾಡಿಗೆ ಮನೆಯ ಪಾರ್ಕಿಂಗಿನಲ್ಲಿ ಪ್ಲಗ್ ಹಾಕಿಸಲು ಅವರು ಒಪ್ಪಿದ್ದರು, ಆದರೆ ಅದಕ್ಕೇ ಪ್ರತ್ಯೇಕ ಸಬ್‌ಮೀಟರ್ ಇರಬೇಕು ಎಂದು ಷರತ್ತು ಹಾಕಿದ್ದರು. ಮೀಟರು ಗೋಡೆಗೆ ಬಂದು ಕೂತಿತ್ತು, ಕಾರು ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಅದನ್ನೇ ನೋಡುತ್ತ ನಿಂತಿದ್ದವನಿಗೆ ಹೊಳೆಯಿತು. ಬ್ಯಾಟರಿಯೊಳಗೆ ಏನಿದೆ ಎಂದು ನೋಡಲಾಗದು. ಒಳಗೆ ಎಷ್ಟು ಹೋಗುತ್ತದೆ ಎಂದು ಅಳೆಯಬಹುದಲ್ಲ.

ಹುಡುಗನಿಗೆ ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಟ್ಟು, ತನ್ನ ಬೈಕು ಅಲ್ಲಿಯೇ ಬಿಟ್ಟು, ಒಂದು ರಾತ್ರಿಗೆ ಕಾರು ಕೇಳಿದ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೀ ಕೊಟ್ಟ. ಕೊಂಪಲ್ಲಿಯಿಂದ ಮೇಡ್ಚಲ್ ಕಡೆಗೆ, ಅಲ್ಲಿಂದ ಸುಚಿತ್ರಾ ಸರ್ಕಲ್ಲಿಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಎಂದು ಗಂಡ ಹೆಂಡತಿ ಸಂಜೆಯಿಡೀ ಸುತ್ತಿ, ಬ್ಯಾಟರಿಯನ್ನು ಶೇ. 12ಕ್ಕೆ ಇಳಿಸಿ ಮನೆಗೆ ತಂದರು. ರಾತ್ರಿ ಒಂಬತ್ತಕ್ಕೆ ಪ್ಲಗ್ ಹಾಕಿದರು. ಆಕೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಮೀಟರಿನ ಅಂಕಿ ಬರೆದಳು. ಆತ ಒಂದು ಗಂಟೆಗೆ ಎದ್ದು ನೋಡಿದ, ನಾಲ್ಕಕ್ಕೆ ಎದ್ದು ನೋಡಿದ. ಫೇಸ್ ಒಂದರ ಕಡೆಯಿಂದ ಕೆಮಿಕಲ್ಲಿನ ಗಾಳಿ ಎಂದಿನಂತೆ ಬೀಸುತ್ತಿತ್ತು. ಬೆಳಗ್ಗೆ ಆರೂ ಕಾಲಿಗೆ ನೂರು ತುಂಬಿತು. ಮೀಟರಿನಲ್ಲಿ 26.1 ಯೂನಿಟ್.

ಚಹಾ ಕುಡಿಯುತ್ತ ಆಕೆ ಲೆಕ್ಕ ಹಾಕಿದಳು. 12ರಿಂದ 100 ಎಂದರೆ ಶೇ. 88. ಹೊಸ ಬ್ಯಾಟರಿಯ 30.2ರಲ್ಲಿ ಅದು 26.6. ಗೋಡೆಯಿಂದ ಹೊರಟದ್ದೆಲ್ಲ ಬ್ಯಾಟರಿ ಸೇರುವುದಿಲ್ಲ. ಚಾರ್ಜರು ಬಿಸಿಯಾಗುವುದರಲ್ಲಿ ಎಂಟರಲ್ಲಿ ಒಂದು ಪಾಲಿನಷ್ಟು ಹೋಗುತ್ತದೆ ಎಂದು ಹಿಡಿದರು. ಉಳಿದದ್ದು 23ರ ಹತ್ತಿರ. 26.6 ಇರಬೇಕಾದಲ್ಲಿ 23, ಅಂದರೆ ಶೇ. 86. ಹೊಸ ಕಾರಿನಲ್ಲೂ ಕಂಪನಿ ಬ್ಯಾಟರಿಯ ಒಂದಿಷ್ಟನ್ನು ಬಳಕೆಗೆ ಬಿಡದೆ ಕಾಯ್ದಿಟ್ಟಿರುತ್ತದೆ, ಆದ್ದರಿಂದ ನಿಜವಾದ ಸವೆತ ಇದಕ್ಕಿಂತಲೂ ಕಡಿಮೆಯೇ ಇರಬೇಕು. ನಾಲ್ಕು ವರ್ಷಕ್ಕೆ, 41,000 ಕಿಲೋಮೀಟರಿಗೆ, ಹೈದರಾಬಾದಿನ ಸೆಖೆಗೆ ಅದು ಆರೋಗ್ಯವಂತ ಬ್ಯಾಟರಿ.

"ಇಪ್ಪತ್ತು ಪೀಸ್ ತೂಗ್ದಂಗ ಆಯ್ತಲ್ರಿ" ಎಂದಳು.

"ಒಂದೇ ಪೀಸ್ ತೂಗಿದ್ದು" ಎಂದ ಆತ. ಆದರೆ ದನಿ ಮೆತ್ತಗಾಗಿತ್ತು.

ಇನ್ನೊಂದು ವಿಷಯವೂ ಆ ಲೆಕ್ಕದಿಂದ ಹೊರಬಿತ್ತು. ಸವೆದ 30ರ ಬ್ಯಾಟರಿಯಲ್ಲಿ ಈಗ ಉಳಿದಿರುವುದು 26ರ ಆಸುಪಾಸು. ಹತ್ತು ಲಕ್ಷದ ಹೊಸ ಟಿಯಾಗೊದಲ್ಲಿ ಇರುವುದೇ 24. ನೆಕ್ಸಾನು ಭಾರದ ಗಾಡಿ, ಅದೇ ದೂರಕ್ಕೆ ಹೆಚ್ಚು ಕರೆಂಟು ತಿನ್ನುತ್ತದೆ. ಆದ್ದರಿಂದ ಬೀದರದ ದಾರಿಯಲ್ಲಿ ಎರಡೂ ಒಂದೇ. ದೂರದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮೂರು ಲಕ್ಷದ ಸಾಲ ಮತ್ತು ನಾಲ್ಕು ವರ್ಷದ ವಾರಂಟಿ, ಒಂದಕ್ಕೊಂದು ಎದುರು.

ಆ ವಾರ ಅವ್ವ ಇಂಜೆಕ್ಷನ್ನಿಗೆ ಬಂದಿದ್ದಳು. ಆಕೆಯನ್ನು ಮೊದಲು ಷೋರೂಮಿಗೆ ಕರೆದೊಯ್ದರು. ಟಿಯಾಗೊದ ಸೀಟು ತಗ್ಗು. ಅವ್ವ ಬಾಗಿಲು ಹಿಡಿದು, ತಲೆ ಬಗ್ಗಿಸಿ, ಕೆಳಕ್ಕೆ ಕೆಳಕ್ಕೆ ಇಳಿದು ಧೊಪ್ಪನೆ ಕೂತಳು. ಏಳಲು ಸೊಸೆ ಒಂದು ಕಡೆ, ಷೋರೂಮಿನ ಹುಡುಗಿ ಒಂದು ಕಡೆ ಹಿಡಿಯಬೇಕಾಯಿತು. "ಬಾವಿಗಿ ಇಳದಂಗ ಆಯ್ತಪಾ" ಎಂದಳು, ಯಾರನ್ನೂ ದೂರುವ ದನಿಯಲ್ಲಲ್ಲ. ಸಂಜೆ ಕೊಂಪಲ್ಲಿಯ ಸೆಲ್ಲಾರಿನಲ್ಲಿ ನೆಕ್ಸಾನಿನ ಬಾಗಿಲು ತೆರೆದಾಗ ಅವ್ವ ಸೀಟಿಗೆ ಬೆನ್ನು ತಿರುಗಿಸಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವಂತೆ ಕೂತು, ಎರಡೂ ಕಾಲು ಒಳಗೆಳೆದುಕೊಂಡಳು. ಯಾರೂ ಹಿಡಿಯಲಿಲ್ಲ. ಒಂದು ಕಣ್ಣಿನ ಮೇಲೆ ಪಟ್ಟಿಯಿತ್ತು, ಇನ್ನೊಂದರಿಂದ ಡ್ಯಾಶ್‌ಬೋರ್ಡಿನ ದೀಪಗಳನ್ನು ನೋಡುತ್ತ ಕೂತಳು.

ಮೊಣಕಾಲಿನ ಎತ್ತರಕ್ಕೆ ಸೀಟು ಇದೆಯೇ ಎಂಬ ಅಂಕಣ ಅವರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಕಾರಿನ ಕುರಿತು ಬರೆಯುವವರ ಪಟ್ಟಿಗಳಲ್ಲೂ ಅದು ಹೆಚ್ಚಾಗಿ ಕಾಣುವುದಿಲ್ಲ.

ಹುಡುಗನೊಂದಿಗೆ ಮಾತು ಏಳು ಲಕ್ಷ ಇಪ್ಪತ್ತು ಸಾವಿರಕ್ಕೆ ಮುಗಿಯಿತು. ಫಾರಂ 29, ಫಾರಂ 30ಕ್ಕೆ ಸಹಿ ಬಿತ್ತು. ಹುಡುಗನ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಮೊದಲು ಕೈಗೆ ಬರಲಿ ಎಂದು ಆತ ಹತ್ತು ದಿನ ಕಾದ. ಸರ್ವೀಸ್ ಸೆಂಟರಿಗೆ ಹೋಗಿ ಎಲ್ಲ ಸರ್ವೀಸೂ ಸಮಯಕ್ಕೆ ಆಗಿವೆಯೇ, ಬ್ಯಾಟರಿಯ ವಾರಂಟಿ ಉಳಿದ ಅವಧಿಗೆ ಹೊಸ ಹೆಸರಿನಲ್ಲಿ ನಡೆಯುತ್ತದೆಯೇ ಎಂದು ಬರೆಸಿಕೊಂಡೇ ಉಳಿದ ಹಣ ಕೊಟ್ಟ. ನಂಬರು ಹಳೆಯ ಟಿಎಸ್‌ನದೇ. 2024ರ ಮಾರ್ಚಿನಿಂದ ಹೊಸ ಗಾಡಿಗಳಿಗೆಲ್ಲ ಟಿಜಿ ಬಂದಿದೆ, ಆದ್ದರಿಂದ ಕಾರಿನ ವಯಸ್ಸು ಓಣಿಯವರಿಗೆಲ್ಲ ದೂರದಿಂದಲೇ ಗೊತ್ತಾಗುತ್ತದೆ. ಮಂದಿ ಬಿಟ್ಟ ವಸ್ತುವನ್ನು ಮನೆಯೊಳಗೆ ತರಬಾರದು ಎಂದು ನಂಬಿದ್ದ ತವರಿನಿಂದ ಬಂದವಳು ಆಕೆ. ಸ್ಟೀಲಿನ ಪಾತ್ರೆಯನ್ನೂ ಹೊಸದಾಗಿಯೇ ಕೊಂಡವಳು. ಕಾರಿಗೆ ನಿಂಬೆಹಣ್ಣು ಇಡುವಾಗ ಏನನ್ನೂ ಹೇಳಲಿಲ್ಲ.

ಮೊದಲ ಸಲ ಬೀದರಕ್ಕೆ ಹೋದದ್ದು ಜುಲೈಯಲ್ಲಿ. ದುಂಡಿಗಲ್‌ನಲ್ಲಿ ಔಟರ್ ರಿಂಗ್ ರೋಡು ಹತ್ತಿ, ಮುತ್ತಂಗಿಯಲ್ಲಿ ಇಳಿದು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್. ರಿಂಗ್ ರೋಡಿನಲ್ಲಿ 120ರ ವೇಗಕ್ಕೆ ಅನುಮತಿಯಿದೆ. ಆತ 75ರ ಮೇಲೆ ಹೋಗಲಿಲ್ಲ. ವೇಗ ಏರಿದಂತೆ ಗಾಳಿಯನ್ನು ತಳ್ಳುವುದಕ್ಕೇ ಕರೆಂಟು ಹೆಚ್ಚು ಬೇಕಾಗುತ್ತದೆ. ಲಾರಿಗಳು ಕೂಡ ಹಾರ್ನ್ ಹಾಕಿ ಮುಂದೆ ಹೋದವು. ಮಗಳಿಗೆ ನಾಚಿಕೆಯಾಗಿ ಫೋನಿನೊಳಗೆ ಮುಖ ಹುದುಗಿಸಿದಳು. ಜಹೀರಾಬಾದಿನಿಂದ ಬೀದರದ ಕಡೆ ತಿರುಗಿದ ಮೇಲೆ ದಾರಿ ಏರುತ್ತ ಹೋಗುತ್ತದೆ, ಕೆಂಪು ಮಣ್ಣು ಶುರುವಾಗುತ್ತದೆ, ಶೇಕಡಾ ಸರಸರ ಇಳಿಯುತ್ತದೆ. ಮನೆ ಮುಟ್ಟಿದಾಗ 24 ಉಳಿದಿತ್ತು.

ಅಣ್ಣ ಮುಂಚೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಗೀಜರಿನ ಪಾಯಿಂಟಿನಿಂದ ಅಂಗಳಕ್ಕೆ ದಪ್ಪ ವೈರು ಎಳೆಸಿ, ಅರ್ಥಿಂಗ್ ನೋಡಿಸಿದ್ದ. ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ ಪ್ಲಗ್ ಹಾಕಿದರು. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಬೆಳತನಾ ಹಿಂಗೇ ಇರ್ತದೇನು?"

"ಹೌದವ್ವಾ, ಬೆಳಗಾಗೂತನಾ."

"ಎಮ್ಮಿಗಿಂತ ಛಲೋ. ಸೆಗಣಿ ಬಳೀಬೇಕಂತಿಲ್ಲ."

ಮಗಳ ಆ ಹಳೇ ನೋಟ್‌ಬುಕ್ಕು ಈಗ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ತಿಂಗಳಿಗೊಮ್ಮೆ, ಅವ್ವನನ್ನು ಬೀದರಕ್ಕೆ ಬಿಟ್ಟು ಬಂದ ರಾತ್ರಿ, ಆತ ಸಬ್‌ಮೀಟರಿನ ಅಂಕಿ, ಎಷ್ಟು ಶೇಕಡಾದಿಂದ ಎಷ್ಟಕ್ಕೆ, ಅಂದಿನ ಸೆಖೆ ಎಷ್ಟು ಎಂದು ಬರೆಯುತ್ತಾನೆ. ಆಕೆ ಭಾಗಿಸಿ ಕೊನೆಯ ಅಂಕಣ ತುಂಬುತ್ತಾಳೆ. ಜುಲೈಯಲ್ಲಿ 86, ಸೆಪ್ಟೆಂಬರಿನಲ್ಲಿ 86, ನವೆಂಬರಿನಲ್ಲಿ 85, ಡಿಸೆಂಬರಿನಲ್ಲಿ ಮತ್ತೆ 86. ಅದರ ಮುಂದಿನ ಪುಟಕ್ಕೂ ಆಕೆ ಈಗಾಗಲೇ ಗೆರೆ ಎಳೆದು, ಮೇ ತಿಂಗಳವರೆಗೆ ತಾರೀಖು ಬರೆದಿಟ್ಟಿದ್ದಾಳೆ.